ಹಿಂದೆ ಯಾರೂ ಕೂರಲ್ಲ

ದಿನಾ ಸಂಜೆ ಎಡಗಡೆಯ ಎರಡು ಚಕ್ರ ಚಿಕ್ಕಪ್ಪನದು, ಬಲಗಡೆಯ ಎರಡು ನನ್ನದು. ಮುರಿದ ಕೊಡೆಯ ಕಡ್ಡಿಯೊಂದನ್ನು ಅವರು ತುಂಡು ಮಾಡಿ, ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿ, ಒಂದನ್ನು ತಾವಿಟ್ಟುಕೊಂಡು ಒಂದನ್ನು ನನಗೆ ಕೊಟ್ಟಿದ್ದರು. ಕಾರಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು, ಟೈರಿನ ಗೀರುಗಳಲ್ಲಿ ಸಿಕ್ಕಿಕೊಂಡ ಹರಳು, ಗಾಜಿನ ಚೂರು, ಎತ್ತಿನ ಲಾಳದಿಂದ ಕಳಚಿ ಬಿದ್ದ ಮೊಳೆ, ಒಂದೊಂದನ್ನೇ ಎಬ್ಬಿ ತೆಗೆದು ತೆಂಗಿನ ಚಿಪ್ಪಿಗೆ ಹಾಕುತ್ತಿದ್ದೆವು. ಮಾತಿಲ್ಲ. ಚಿಪ್ಪಿಗೆ ಬಿದ್ದ ಮೊಳೆಯ ಸದ್ದು ಮಾತ್ರ. ಸುತ್ತಲೂ ಮುಗಿದ ಮೇಲೆ ಚಿಕ್ಕಪ್ಪ ಎದ್ದು ಕಾರನ್ನು ಒಂದಿಷ್ಟು ಮುಂದೆ ತಳ್ಳುತ್ತಿದ್ದರು. ನೆಲಕ್ಕೆ ಒತ್ತಿಕೊಂಡಿದ್ದ ಭಾಗ ಮೇಲೆ ಬರುತ್ತಿತ್ತು. ಮತ್ತೆ ಕೂರುತ್ತಿದ್ದೆವು. ಒಳಗಿನಿಂದ ಶಕುಂತಲ ಚಿಕ್ಕಮ್ಮ ಊಟಕ್ಕೆ ಕರೆಯುವ ತನಕ ಹೀಗೇ.

ಆ ಕೆಲಸ ನನಗೆ ಎಷ್ಟು ಇಷ್ಟವಿತ್ತು ಎಂದು ಆಗ ಗೊತ್ತಿರಲಿಲ್ಲ. ಈಗ ಆಯನೂರಿನ ಮನೆಯಲ್ಲಿ ಅಕ್ಕಿ ಆರಿಸುವಾಗ, ಆರಿಸಿದ ಕಲ್ಲು ತಟ್ಟೆಯಂಚಿಗೆ ಬಿದ್ದು ಟಿಣ್ ಎಂದರೆ ಸಾಕು, ಸವಳಂಗ ರಸ್ತೆಯ ಆ ಅಂಗಳ, ಬಿಸಿ ಇಳಿಯುತ್ತಿರುವ ಎಂಜಿನ್ನಿನ ಎಣ್ಣೆಯ ವಾಸನೆ, ಚಿಕ್ಕಪ್ಪನ ಬಗ್ಗಿದ ಬೆನ್ನು ಎಲ್ಲ ಒಟ್ಟಿಗೇ ಬಂದುಬಿಡುತ್ತವೆ.

ಚಿಕ್ಕಪ್ಪ ಚಂದ್ರಶೇಖರಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದರು. ಮನೆ ಶಿವಮೊಗ್ಗದಲ್ಲಿ. ದಿನಾ ಹೋಗಿ ಬರುವುದು ಆ ಕಾರಿನಲ್ಲಿ. ಅದು ಮೊದಲು ಕಾಫಿ ತೋಟದ ಇಂಗ್ಲಿಷ್ ದೊರೆಯೊಬ್ಬ ಪಂದ್ಯಕ್ಕೆ ಓಡಿಸುತ್ತಿದ್ದ ಕಾರಂತೆ. ಅವನು ಸೀಮೆಗೆ ವಾಪಸು ಹೊರಟಾಗ ಚಿಕ್ಕಪ್ಪ ಕೊಂಡುಕೊಂಡರು. ತಗ್ಗಾದ ಮೈ, ಉದ್ದನೆಯ ಮೂತಿ, ಕಡ್ಡಿಗಳ ಚಕ್ರ, ಮೇಲೆ ಸೂರಿಲ್ಲ. ನೋಡಿದವರೆಲ್ಲ ‘ರೇಸಿನ ಕಾರು’ ಎನ್ನುತ್ತಿದ್ದರು. ರೇಸಿನ ಕಾರಿನಲ್ಲಿ ಬುತ್ತಿ ಕಟ್ಟಿಕೊಂಡು ಆಫೀಸಿಗೆ ಹೋಗುವವರು ಇಡೀ ಜಿಲ್ಲೆಯಲ್ಲಿ ಅವರೊಬ್ಬರೇ ಎಂದು ಚಿಕ್ಕಮ್ಮ ನಗುತ್ತಿದ್ದರು.

ಮುಂದೆ ಎರಡೇ ಸೀಟು. ಹಿಂದೆ, ಕಾರಿನ ಬೆನ್ನ ಮೇಲಿದ್ದ ಮುಚ್ಚಳವನ್ನು ಎತ್ತಿದರೆ ಅದರೊಳಗೆ ಇನ್ನೊಂದು ಸೀಟು ತೆರೆದುಕೊಳ್ಳುತ್ತಿತ್ತು. ಡಿಕ್ಕಿ ಸೀಟು ಎನ್ನುತ್ತಿದ್ದರು. ಅದು ನನ್ನದು.

ನಾನು ಅಲ್ಲಿಗೆ ಬಂದ ಕತೆ ದೊಡ್ಡದೇನಲ್ಲ. ಮಿಡ್ಲ್ ಸ್ಕೂಲಿನ ಮೊದಲ ವರ್ಷವೇ ನಾನು ಓದು ಬಿಟ್ಟೆ. ಎದ್ದು ನಿಂತು ಗಟ್ಟಿಯಾಗಿ ಓದು ಎಂದರೆ ನನಗೆ ದನಿಯೇ ಹೊರಡುತ್ತಿರಲಿಲ್ಲ. ಮೇಷ್ಟ್ರು ಕಾದು ಕಾದು ‘ಕೂತ್ಕೊ’ ಎನ್ನುತ್ತಿದ್ದರು. ಹಾಗೆ ಕೂತವಳು ಕೊನೆಗೆ ಮನೆಯಲ್ಲೇ ಕೂತೆ. ಕೈಕೆಲಸ ಮಾತ್ರ ಚೆನ್ನಾಗಿ ಬರುತ್ತಿತ್ತು. ಭದ್ರಾವತಿಯಲ್ಲಿ ಕಾರ್ಖಾನೆಯ ಸಾಲುಮನೆಯಲ್ಲಿದ್ದ ಅರುಳಮ್ಮ ಎಂಬ ತಮಿಳಿನವರು ಹೆಣ್ಣುಮಕ್ಕಳಿಗೆ ಮಿಷನ್ನಿನ ಹೊಲಿಗೆ ಕಲಿಸುತ್ತಾರೆಂದು ಚಿಕ್ಕಪ್ಪನಿಗೆ ತಿಳಿಯಿತು. ಚಿಕ್ಕಪ್ಪನೇ ನಮ್ಮೂರು ಆಯನೂರಿಗೆ ಬಂದು ಅಪ್ಪನನ್ನು ಕೇಳಿದರು.

ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಯೋಚನೆ ಮಾಡಿದರು. “ಬೆಂಕಿಪುರಕ್ಕಾ?” ಎಂದರು. ನಮ್ಮ ಕಡೆಯ ಹಳಬರು ಭದ್ರಾವತಿಗೆ ಆಗಲೂ ಬೆಂಕಿಪುರ ಅಂತಲೇ ಅನ್ನುತ್ತಿದ್ದರು. “ನಿನ್ ಜೊತೆ ಹೋಗಿ ನಿನ್ ಜೊತೆ ಬರ್ತಾಳೆ ಅಂದ್ರೆ ಆಗ್ಲಿ ಚಂದ್ರು. ರೈಲು ಗೀಲು, ಬಸ್ಸು ಗಿಸ್ಸು ಅಂತ ಒಬ್ಬಳೇ ತಿರುಗೋದಾದ್ರೆ ಬೇಡ. ಅವತ್ತೇ ಊರಿಗೆ ತಂದು ಬಿಡು.”

“ನನ್ ಕಾರಲ್ಲೇ ಹೋಗ್ತಾಳೆ, ನನ್ ಕಾರಲ್ಲೇ ಬರ್ತಾಳೆ. ಆಯ್ತಲ್ಲ?”

ಹೀಗೆ ನನ್ನ ಹೊಲಿಗೆಯೆಲ್ಲ ಆ ಡಿಕ್ಕಿ ಸೀಟಿನ ಮೇಲೆ ನಿಂತಿತು.

ಬೆಳಿಗ್ಗೆ ಹೊರಡುವಾಗ ಚಿಕ್ಕಮ್ಮ ನನ್ನ ತಲೆಗೆ ಹಳೆಯ ಶಾಲು ಸುತ್ತಿ ಗದ್ದದ ಕೆಳಗೆ ಗಂಟು ಹಾಕುತ್ತಿದ್ದರು. ಚಳಿಗಾಲ. ಹೊಳೆಯ ಸೇತುವೆ ದಾಟುವಾಗ ಕೆಳಗೆ ತುಂಗೆ ಕಾಣುತ್ತಲೇ ಇರಲಿಲ್ಲ, ಬರೀ ಬಿಳಿ. ಸೇತುವೆಯ ಆಚೆ ಕೊಟ್ರಬಸಪ್ಪನವರು ಕೋಟು ಹಾಕಿಕೊಂಡು ಕಾಯುತ್ತಿರುತ್ತಿದ್ದರು. ಅವರು ಚಿಕ್ಕಪ್ಪನ ಮೇಲಿನ ಅಧಿಕಾರಿ. ದೊಡ್ಡ ದೇಹ, ದೊಡ್ಡ ನಗು. ಮುಂದಿನ ಎಡಗಡೆಯ ಸೀಟು ಅವರದು. ಅವರು ಹತ್ತಿದರೆ ಕಾರು ಒಂದು ಸಲ ತೂಗಿ ಸರಿಯಾಗುತ್ತಿತ್ತು. “ಏನಮ್ಮ ವಿಮಲಾ, ರಥ ಹತ್ತಿದ್ಯಾ?” ಎಂದು ದಿನಾ ಕೇಳುತ್ತಿದ್ದರು. ನಾನು ದಿನಾ ತಲೆ ಆಡಿಸುತ್ತಿದ್ದೆ. ಆಮೇಲೆ ಎಂಜಿನ್ನಿನ ಸದ್ದು, ಗಾಳಿಯ ಸದ್ದು. ಯಾರೂ ನನ್ನನ್ನು ಏನೂ ಕೇಳುವಂತಿರಲಿಲ್ಲ. ಕೇಳಿದರೂ ಉತ್ತರ ಕೊಡುವಂತಿರಲಿಲ್ಲ. ಅಷ್ಟು ಸುಖ ನನಗೆ ಮನೆಯೊಳಗೂ ಇರಲಿಲ್ಲ.

ಅಲ್ಲಿಂದ ನಾನು ಎಲ್ಲವನ್ನೂ ನೋಡುತ್ತಿದ್ದೆ. ಮುಂದಿನವರು ನೋಡುವುದು ಬರುವ ದಾರಿಯನ್ನು. ಹಿಂದೆ ಕೂತವಳು ಕುತ್ತಿಗೆ ತಿರುಗಿಸಿದರೆ ಬಿಟ್ಟು ಬಂದ ದಾರಿ ಪೂರಾ ಕಾಣುತ್ತದೆ. ಮಲವಗೊಪ್ಪದ ಹತ್ತಿರ ಕಬ್ಬಿನ ಗಾಡಿಗಳ ಸಾಲು; ಗಾಡಿಯವನು ಕಂಬಳಿಯೊಳಗೆ ನಿದ್ದೆ, ಎತ್ತುಗಳು ತಾವೇ ದಾರಿ ಬಿಡುತ್ತಿದ್ದವು. ನಿದಿಗೆಯ ಕೆರೆಯ ಮೇಲೆ ಎದ್ದ ಹಕ್ಕಿಗಳು. ಬಾವಿಕಟ್ಟೆಯಲ್ಲಿ ಬಿಂದಿಗೆ ತುಂಬುತ್ತಿದ್ದವಳೊಬ್ಬಳು ದಿನಾ ಕೈ ಎತ್ತುತ್ತಿದ್ದಳು. ನಾನೂ ಶಾಲಿನೊಳಗಿನಿಂದ ಬೆರಳು ತೋರಿಸುತ್ತಿದ್ದೆ. ಅವಳ ಹೆಸರು ಇವತ್ತಿಗೂ ಗೊತ್ತಿಲ್ಲ. ಭದ್ರಾವತಿ ಬರುವುದು ಮೊದಲು ಮೂಗಿಗೆ: ಇದ್ದಿಲ ಹೊಗೆ, ಕಾದ ಕಬ್ಬಿಣದ ವಾಸನೆ. ಆಮೇಲೆ ಚಿಮಣಿ. ಆಮೇಲೆ ಕಾರ್ಖಾನೆಯ ಕೂಗು. ಆ ಕೂಗಿಗೆ ಮುಂಚೆ ಗೇಟು ಸೇರಿದರೆ ಚಿಕ್ಕಪ್ಪ ಹಿಂದೆ ತಿರುಗಿ ನನ್ನನ್ನು ನೋಡಿ ಹುಬ್ಬು ಹಾರಿಸುತ್ತಿದ್ದರು.

ಅರುಳಮ್ಮ ನನ್ನನ್ನು ಮಾತಾಡಿಸಲು ಹೋಗಲೇ ಇಲ್ಲ. “ನೀ ಬಾಯಿ ತೆರೀಬೇಡ ಕಣ್ಣು, ಕೈ ತೆರೆದ್ರೆ ಸಾಕು,” ಎಂದರು ಮೊದಲ ದಿನವೇ. ಕಣ್ಣು ಎಂದರೆ ಅವರಲ್ಲಿ ಮುದ್ದಿನ ಮಾತು. ಹೊಲಿಗೆ ಬೇಗ ಬಂತು. ಲಂಗ, ರವಿಕೆ, ದಿಂಬಿನ ಗವಸು. ಆದರೆ ಬಟ್ಟೆ ಕತ್ತರಿಸುವುದನ್ನು ಅವರು ಇನ್ನೂ ಹೇಳಿಕೊಟ್ಟಿರಲಿಲ್ಲ. ಕತ್ತರಿ ಅವರ ಕೈಯಲ್ಲೇ. “ಹೊಲಿಯೋರು ಬೀದಿಗೊಬ್ಬರು ಇದ್ದಾರೆ. ಕತ್ತರಿಸೋಕೆ ಬಂದ್ರೆ ನೀ ಟೈಲರು. ಶರಟು ಕತ್ತರಿಸೋದು ಕಲಿ, ಆಮೇಲೆ ನನ್ನ ಎರಡನೇ ಮಿಷನ್ ನಿಂದು. ಇಲ್ಲಿ ಶರಟು ಹೊಲಿಸೋ ಗಂಡಸರಿಗೆ ಬರ ಏನು?” ಸಂಕ್ರಾಂತಿ ಕಳೆದ ಮೇಲೆ ಕತ್ತರಿ ಕೈಗೆ ಕೊಡುವುದಾಗಿ ಹೇಳಿದ್ದರು. ನಾನು ಅದಕ್ಕೇ ಕಾಯುತ್ತಿದ್ದೆ. ಮನೆಯಲ್ಲಿ ಹಳೆಯ ಕಾಗದದ ಮೇಲೆ ಇದ್ದಿಲಲ್ಲಿ ಕೊರಳಪಟ್ಟಿ ಬರೆದು ಬರೆದು ಅಳಿಸುತ್ತಿದ್ದೆ.

ಆ ಹೊತ್ತಿಗೆ ಟೈರುಗಳು ಕೈಕೊಡತೊಡಗಿದವು. ಮೊದಲೇ ಸಪೂರ ಟೈರು, ಓಟಕ್ಕೆ ಮಾಡಿದ್ದು. ಗೀರುಗಳು ಸವೆದು ನುಣ್ಣಗಾಗಿದ್ದವು. ನಾವು ಸಂಜೆ ಎಷ್ಟು ಮೊಳೆ ತೆಗೆದರೂ ಬೆಳಿಗ್ಗೆ ಹೊಸ ಮೊಳೆ ಕಾದಿರುತ್ತಿತ್ತು. ಅಕಾಲ ಮಳೆ ಬಂದ ಒಂದು ದಿನ ಮಾಚೇನಹಳ್ಳಿಯ ತಿರುವಿನಲ್ಲಿ ಕಾರು ಅಡ್ಡಡ್ಡ ಜಾರಿ, ಮೂತಿ ಶಿವಮೊಗ್ಗದ ಕಡೆಗೆ ಮಾಡಿ ನಿಂತಿತು. ಕೊಟ್ರಬಸಪ್ಪನವರು ಉಸಿರು ತೆಗೆದುಕೊಂಡು, “ಚಂದ್ರಶೇಖರಪ್ಪ, ಮನೆಗೆ ವಾಪಸ್ ಹೋಗೋಣ ಅಂತ ಕಾರೇ ಹೇಳ್ತಿದೆ ಕಣ್ರಿ,” ಎಂದರು. ನಕ್ಕರು, ಆದರೆ ಅವರ ಕೈ ಬಾಗಿಲನ್ನು ಬಿಟ್ಟಿರಲಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಟೈರು ಸಿಗುವುದೇ ಕಷ್ಟ. ಕೊಟ್ರಬಸಪ್ಪನವರೇ ಬೆಂಗಳೂರಿನಲ್ಲಿದ್ದ ತಮ್ಮ ಭಾವನ ಮೂಲಕ ಹುಡುಕಿಸಿದರು. ಆ ಅಳತೆಯವು ಎಲ್ಲೂ ಇಲ್ಲ, ಒಂದು ಅಳತೆ ದಪ್ಪದವು ಇವೆ, ಬೇಕಾದರೆ ಬೇಗ ಹೇಳಿ ಎಂದು ಉತ್ತರ ಬಂತು. ಚಿಕ್ಕಪ್ಪ ಬೇಕು ಎಂದರು. ರೈಲಿನಲ್ಲಿ ಬಂದಿಳಿದ ಟೈರುಗಳನ್ನು ಜಟಕಾದಲ್ಲಿ ಮನೆಗೆ ತಂದಾಗ ನಾವೆಲ್ಲ ಅಂಗಳಕ್ಕೆ ಬಂದೆವು. ಕಪ್ಪಗೆ, ದಪ್ಪಗೆ, ಬೆರಳು ಮುಳುಗುವಷ್ಟು ಆಳದ ಗೀರು. ಚಿಕ್ಕಮ್ಮ ಅವಕ್ಕೂ ಒಂದಿಷ್ಟು ಕುಂಕುಮ ಹಚ್ಚಿದರು. ಹೊಸ ರಬ್ಬರಿನ ವಾಸನೆ ಹಜಾರದ ತುಂಬ. ಚಿಕ್ಕಪ್ಪ ಊಟದ ನಡುವೆ ಎರಡು ಸಲ ಎದ್ದುಹೋಗಿ ಮುಟ್ಟಿ ನೋಡಿ ಬಂದರು.

“ಎಂಜಲು ಕೈಯಲ್ಲಿ ಟೈರು ಮುಟ್ಟೋದು ಯಾವ ಶಾಸ್ತ್ರ ಮಾರಾಯ್ರೆ?” ಎಂದರು ಚಿಕ್ಕಮ್ಮ.

ಟೈರು ಹಾಕಿಸಲು ಹೋದದ್ದು ನಮ್ಮ ರಸ್ತೆಯಲ್ಲೇ ಇದ್ದ ಅಸದುಲ್ಲಾ ಸಾಹೇಬರ ಅಂಗಡಿಗೆ. ಅದು ಭಾನುವಾರ. ಅಂಗಡಿಯ ಹಿಂದೆಯೇ ಅವರ ಮನೆ. ಅವರ ಹೆಂಡತಿ ಅಖ್ತರ್ ಬೀ ತಮ್ಮ ಮಗಳಿಗೆ ಲಂಗ ಹೊಲಿಯಲು ನನಗೆ ಬಟ್ಟೆ ಕೊಟ್ಟಿದ್ದರು. ಅದನ್ನು ಕೊಡುವ ನೆಪದಲ್ಲಿ ನಾನೂ ಹೊರಟೆ. ಅಂಗಡಿ ಕಾಣುವ ಮುಂಚೆಯೇ ಚಿಕ್ಕಪ್ಪ ಕಾರು ನಿಲ್ಲಿಸಿ ನನ್ನನ್ನು ಓಣಿಯ ಬಾಯಲ್ಲಿ ಇಳಿಸಿದರು. ಡಿಕ್ಕಿಯ ಮುಚ್ಚಳವನ್ನು ತಾವೇ ಇಳಿದು ಬಂದು ಮುಚ್ಚಿದರು. ನಾನು ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ.

ಅಖ್ತರ್ ಬೀ ಲಂಗವನ್ನು ತಿರುಗಿಸಿ ಹೊಲಿಗೆ ನೋಡಿದರು, ಎಳೆದು ನೋಡಿದರು. “ಅಲ್ಲಾ! ಬಾಯಲ್ಲಿ ಮಾತಿಲ್ಲ, ಬೆರಳಲ್ಲಿ ಇಷ್ಟೊಂದು ಮಾತು,” ಎಂದು ನನ್ನ ಕೈ ಹಿಡಿದು ಚಾಪೆಯ ಮೇಲೆ ಕೂರಿಸಿದರು. ಅಂಗಡಿಗೂ ಮನೆಗೂ ನಡುವೆ ಒಂದು ಗೋಣಿಯ ಪರದೆ. ಅದರ ಸಂದಿಯಿಂದ ಕಾರಿನ ಹಿಂಭಾಗ ಕಾಣುತ್ತಿತ್ತು. ಅಂಗಡಿಯ ಮುಂದಿನ ಬೇವಿನ ಮರದ ಕೆಳಗೆ ಜಟಕಾದವರು, ಲಾರಿ ಡ್ರೈವರುಗಳು, ಸುಮ್ಮನೆ ನೋಡಲು ಬಂದವರು ಸೇರಿದ್ದರು.

“ಏನ್ ಟೈರು ಸಾಬ್! ಆನೆ ಕಾಲಿದ್ದಂಗೆ ಇದೆ,” ಎಂದರು ಅಸದುಲ್ಲಾ ಸಾಹೇಬರು.

“ಕೂರುತ್ತಾ ಅಂತ ಹೇಳು ಮಾರಾಯ. ಆನೆ ಆಮೇಲೆ.”

“ರಿಮ್ಮಿಗೆ ಕೂರ್ಸೋದು ನಂಗೆ ಬಿಡಿ. ಮಡ್‌ಗಾರ್ಡಿಗೆ ಜಾಗ ನೋಡ್ಬೇಕು.”

ಹಳೆಯದನ್ನು ಕಳಚಿ, ಟ್ಯೂಬಿಗೆ ಬಿಳಿ ಪುಡಿ ಸವರಿ, ಹೊಸ ಟೈರನ್ನು ಕಾಲಲ್ಲಿ ಒತ್ತಿ, ಸಲಾಕಿ ಹಾಕಿ ಎಬ್ಬಿ ಕೂರಿಸಿದರು. ಗಾಳಿ ತುಂಬಿದರು. ಜಾಕಿ ಇಳಿಸಿದ ಮೇಲೆ ಹಿಂದಿನ ಚಕ್ರಕ್ಕೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿ ಅಳತೆ ನೋಡಿದರು. ಅವರ ಅಳತೆಯೆಲ್ಲ ಬೆರಳಲ್ಲೇ.

“ಎರಡು ಬೆರಳು ಜಾಗ ಇದೆ ಸಾಬ್.”

“ಯಾರ ಬೆರಳು? ನಿಂದಾ, ನಂದಾ?”

“ನಂದೇ. ನಿಮ್ದು ಪೆನ್ಸಿಲ್ ಹಿಡಿಯೋ ಬೆರಳು, ಅದು ಲೆಕ್ಕಕ್ಕಿಲ್ಲ.”

ಮರದ ಕೆಳಗಿನವರೆಲ್ಲ ನಕ್ಕರು. ಚಿಕ್ಕಪ್ಪನೂ ನಕ್ಕರು. ಅಸದುಲ್ಲಾ ಸಾಹೇಬರು ಕೈ ಒರೆಸಿಕೊಳ್ಳುತ್ತಾ ಕೇಳಿದರು:

“ಸಾಬ್, ಹಿಂದೆ ಯಾರಾದ್ರೂ ಕೂರ್ತಾರಾ? ಭಾರ ಬಿದ್ರೆ ಸ್ಪ್ರಿಂಗ್ ಕುಸಿಯುತ್ತೆ, ಮಡ್‌ಗಾರ್ಡ್ ಬಂದು ಟೈರಿಗೆ ತಾಗುತ್ತೆ. ಕೂರ್ತಾರೆ ಅಂದ್ರೆ ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸ್ಬಿಡ್ತೀನಿ. ಅರ್ಧ ದಿನದ ಕೆಲ್ಸ.”

ಯಾರೋ ಬೀಡಿ ಹಚ್ಚಲು ಕಡ್ಡಿ ಗೀರಿದ ಸದ್ದು ಕೇಳಿಸಿತು. ನಾನು ಪರದೆಯ ಸಂದಿಗೆ ಕಣ್ಣು ಹಚ್ಚಿದೆ.

“ಹಿಂದೆ ಯಾರೂ ಕೂರಲ್ಲ,” ಎಂದರು ಚಿಕ್ಕಪ್ಪ.

“ಯಾರೂ ಇಲ್ವಾ?”

“ಇಲ್ಲ ಅಂದ್ನಲ್ಲ.”

“ಸರಿ ಸಾಬ್. ಇಲ್ಲ ಅಂದ್ರೆ ಇಲ್ಲ.”

ಅಖ್ತರ್ ಬೀ ನನ್ನ ಮುಖ ನೋಡಿದರು. ದಿನಾ ಬೆಳಿಗ್ಗೆ ನಮ್ಮ ಕಾರು ಆ ಅಂಗಡಿಯ ಮುಂದೆಯೇ ಹೋಗುತ್ತಿತ್ತು. ಅಂಗಡಿಯ ಹಲಗೆ ತೆಗೆಯುತ್ತಾ ಅಸದುಲ್ಲಾ ಸಾಹೇಬರು ಚಿಕ್ಕಪ್ಪನಿಗೆ ಸಲಾಮು ಹೇಳುತ್ತಿದ್ದರು, ನನ್ನ ಕಡೆಗೆ ನೋಡದೆ ಬೇರೆ ಕಡೆ ಮುಖ ತಿರುಗಿಸುತ್ತಿದ್ದರು. ಅದು ಅವರ ಮರ್ಯಾದೆ. ಬಜಾರಿನ ಗಂಡಸರ ಎದುರು ಮನೆಯ ಹೆಣ್ಣುಮಗಳ ಹೆಸರು ಎತ್ತದಿರುವುದು ಚಿಕ್ಕಪ್ಪನ ಮರ್ಯಾದೆ. ಅಲ್ಲಿದ್ದ ಜಟಕಾದವನಿಗೂ ನಾನು ಹಿಂದೆ ಕೂರುವುದು ಗೊತ್ತಿತ್ತು.

ಸೋಮವಾರ ಹೊಸ ಟೈರಿನ ಮೇಲೆ ಹೊರಟೆವು. ಆಹಾ, ಆ ಮೊದಲ ಒಂದೆರಡು ಮೈಲಿ! ಹಳೆಯ ಟೈರಿನಲ್ಲಿ ಪ್ರತಿ ಜಲ್ಲಿಯೂ ಬೆನ್ನುಮೂಳೆಗೆ ಬರುತ್ತಿತ್ತು. ಇದರಲ್ಲಿ ಹಾಸಿಗೆಯ ಮೇಲೆ ಹೋದ ಹಾಗೆ. ಸೇತುವೆಯ ಆಚೆ ಕೊಟ್ರಬಸಪ್ಪನವರು ಕಾರಿನ ಸುತ್ತ ಒಂದು ಸುತ್ತು ಬಂದು, “ಭಾವ ಕಳಿಸಿದ್ದು ಅಂದ್ರೆ ಸುಮ್ನೆನಾ!” ಎಂದು ಹತ್ತಿದರು. ಕಾರು ತೂಗಿತು. ಹೊರಟ ಸ್ವಲ್ಪ ಹೊತ್ತಿಗೆ ನನ್ನ ಕಾಲ ಕೆಳಗೆ ಕರ್ರ್ ಎಂದಿತು. ಹಳ್ಳ ಬಂದಾಗಲೆಲ್ಲ ಕರ್ರ್. ಮಲವಗೊಪ್ಪ ದಾಟುವಾಗ ಸದ್ದು ಬಿಡದೆ ಬರತೊಡಗಿತು, ಜೊತೆಗೆ ಸುಟ್ಟ ರಬ್ಬರಿನ ವಾಸನೆ.

ಚಿಕ್ಕಪ್ಪ ಕಾರು ನಿಲ್ಲಿಸಿ ಇಳಿದು ಬಗ್ಗಿ ನೋಡಿದರು. ಹೊಸ ಟೈರಿನ ಹೆಗಲ ಮೇಲೆ ಚರ್ಮ ಸುಲಿದ ಹಾಗೆ ಒಂದು ಗೆರೆ. ಅವರು ಅದನ್ನು ಹೆಬ್ಬೆರಳಿನಿಂದ ಸವರಿದರು.

“ಸ್ವಲ್ಪ ಇಳಿ ವಿಮಲಾ.”

ಇಳಿದೆ. ಕಾರನ್ನು ಒಂದಿಷ್ಟು ದೂರ ಓಡಿಸಿ ವಾಪಸು ತಂದರು. ಸದ್ದಿಲ್ಲ. ಹತ್ತು ಎಂದರು. ಹತ್ತಿದೆ. ಕರ್ರ್. ಮತ್ತೆ ಇಳಿ ಎಂದರು. ಕಬ್ಬಿನ ಗಾಡಿಗಳು ನಿಂತುಬಿಟ್ಟಿದ್ದವು. ಕಂಬಳಿಯೊಳಗೆ ಮಲಗಿದ್ದವನೂ ಎದ್ದು ಕೂತು ನೋಡುತ್ತಿದ್ದ.

“ಏನಮ್ಮಾ, ಮುದ್ದೆ ಜಾಸ್ತಿ ಆಯ್ತಾ?” ಎಂದರು ಕೊಟ್ರಬಸಪ್ಪನವರು. ನಾನು ಶಾಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ. ಅವರಿಗೆ ಬೇಸರವಾಯಿತೋ ಏನೋ, “ನಂದೂ ಪಾಲಿದೆ ಬಿಡಮ್ಮ. ನಾನಿಳಿದ್ರೂ ಸದ್ದು ನಿಲ್ಲುತ್ತೆ. ಆದ್ರೆ ನಾನಿಳಿದ್ರೆ ಆಫೀಸೂ ನಿಲ್ಲುತ್ತಲ್ಲ!” ಎಂದು ತಾವೇ ಗಟ್ಟಿಯಾಗಿ ನಕ್ಕರು.

ಅವತ್ತು ಎತ್ತಿನ ಗಾಡಿಯ ಹಿಂದೆ ಗಾಡಿಯ ಹಾಗೆಯೇ ಭದ್ರಾವತಿ ಸೇರಿದೆವು. ಬಾವಿಕಟ್ಟೆಯವಳು ನೀರು ತುಂಬಿ ಮನೆಗೆ ಹೋಗಿಯಾಗಿತ್ತು. ಕಾರ್ಖಾನೆಯ ಕೂಗು ನಾವು ಇನ್ನೂ ಬಯಲಲ್ಲಿರುವಾಗಲೇ ಕೇಳಿಸಿತು. ಚಿಕ್ಕಪ್ಪ ಹಿಂದೆ ತಿರುಗಲಿಲ್ಲ.

ಮರುದಿನ ನಾನು ಹೊರಡಲಿಲ್ಲ. “ಒಂದೆರಡು ದಿನ ಇರು, ಸರಿ ಮಾಡಿಸ್ತೀನಿ,” ಎಂದರು ಚಿಕ್ಕಪ್ಪ. ಅವರು ನಿಜವಾಗಿಯೂ ಅಸದುಲ್ಲಾ ಸಾಹೇಬರ ಹತ್ತಿರ ಹೋದರು. ಬಂದು ಚಿಕ್ಕಮ್ಮನಿಗೆ ಹೇಳಿದ್ದನ್ನು ನಾನು ಅಡುಗೆಮನೆಯಿಂದ ಕೇಳಿದೆ.

“ಹಿಂದೆ ಸಾಮಾನು ಇಟ್ರೆ ಉಜ್ಜುತ್ತೆ ಕಣಯ್ಯಾ ಅಂದೆ. ಎಷ್ಟು ತೂಕದ ಸಾಮಾನು ಸಾಬ್ ಅಂದ. ಒಂದು ಮೂಟೆ ಅಡಿಕೆ ಅಂತ ಇಟ್ಕೋ ಅಂದೆ. ಮೂಟೆಗೆ ಯಾಕೆ ಸಾಬ್ ಅಷ್ಟು ಕಷ್ಟ, ಬಸ್ಸಿನ ಮೇಲೆ ಹಾಕಿ, ಕಾರು ಹಗುರ ಇರ್ಲಿ ಅಂದ.”

“ಮೂಟೆ ಅಡಿಕೆ!” ಚಿಕ್ಕಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಬಿಟ್ಟರು. “ನಿಜ ಹೇಳಿದ್ರೆ ನಾಲಿಗೆ ಸವೀತಿತ್ತಾ?”

“ಅಷ್ಟು ಜನ ನಿಂತಿರ್ತಾರೆ ಕಣೆ. ನಮ್ಮನೆ ಹುಡುಗಿ ಹಿಂದೆ ಕೂರ್ತಾಳೆ, ಅವಳ ಭಾರಕ್ಕೆ ಸ್ಪ್ರಿಂಗ್ ತಾಳ್ತಿಲ್ಲ ಅನ್ಲಾ? ಸಂಜೆಯೊಳಗೆ ಊರೆಲ್ಲ ಅದೇ ಮಾತು. ನಾಳೆ ಗಂಡಿನ ಕಡೆಯವ್ರು ಬಂದ್ರೆ ಮೊದ್ಲು ತಕ್ಕಡಿ ಕೇಳ್ತಾರೆ.”

“ಕೂರ್ಸೋವಾಗ ಇಲ್ಲದ ನಾಚಿಕೆ ಹೇಳೋವಾಗ ಎಲ್ಲಿಂದ ಬಂತು?”

ಚಿಕ್ಕಪ್ಪ ಅಂಗಳಕ್ಕೆ ಹೋದರು. ಕೊಡೆಯ ಕಡ್ಡಿ ಹಿಡಿದು ಚಕ್ರದ ಪಕ್ಕ ಕೂತರು. ನಾನೂ ಹೋಗಿ ನನ್ನ ಕಡೆಗೆ ಕೂತೆ. ಹೊಸ ಟೈರಿನಲ್ಲಿ ಮೊಳೆ ಒಂದೂ ಸಿಗಲಿಲ್ಲ.

ಆಮೇಲಿನ ಬೆಳಿಗ್ಗೆಗಳಲ್ಲಿ ನಾನು ಬಾಗಿಲಲ್ಲಿ ನಿಂತು ಕಾರು ಹೋಗುವುದನ್ನು ನೋಡುತ್ತಿದ್ದೆ. ಹಳೆಯ ಟೈರು ಜಲ್ಲಿಯ ಮೇಲೆ ಸರ್ರೆಂದು ಸದ್ದು ಮಾಡುತ್ತಿತ್ತು. ಬಸವನ ಗುಡಿಯ ತಿರುವಿನ ತನಕ ಕಿವಿಗೆ ಸಿಗುತ್ತಿತ್ತು. ಹೊಸದು ಮೆತ್ತಗೆ ಹೊರಟುಬಿಡುತ್ತಿತ್ತು. ಮುಚ್ಚಿದ ಡಿಕ್ಕಿಯ ಮೇಲೆ ಬಿದ್ದ ಇಬ್ಬನಿಯನ್ನು ಒರೆಸುವವರಿರಲಿಲ್ಲ. ಒರೆಸುವ ಕಾರಣವೂ ಇರಲಿಲ್ಲ.

ಒಂದು ಮಧ್ಯಾಹ್ನ ಅಖ್ತರ್ ಬೀ ರವಿಕೆ ಬಟ್ಟೆಯ ನೆಪದಲ್ಲಿ ನಮ್ಮ ಹಿತ್ತಿಲಿಗೆ ಬಂದರು. ಚಿಕ್ಕಮ್ಮ ಮಲಗಿದ್ದರು.

“ಬೇಟಿ, ಹೋಗ್ತಿಲ್ವಲ್ಲ ನೀನು?”

ನಾನು ತಲೆ ಆಡಿಸಿದೆ.

“ನಮ್ಮೋರು ಆ ಸ್ಪ್ರಿಂಗಿನ ಪಟ್ಟಿ ತೆಗೆದು, ಎಣ್ಣೆ ಹಚ್ಚಿ, ಗೂಟಕ್ಕೆ ನೇತು ಹಾಕಿದಾರೆ. ಯಾವಾಗ ತಂದ್ರೂ ಹಾಕ್ಕೊಡ್ತೀನಿ ಅಂತಾರೆ. ಮತ್ತೆ ನೀವೇ ಹೋಗಿ ಹೇಳ್ಬಾರ್ದಾ ಅಂದೆ ನಾನು. ತೋಬಾ ತೋಬಾ, ಸಾಹೇಬ್ರು ಯಾರೂ ಕೂರಲ್ಲ ಅಂದಿದಾರೆ, ನಾನು ಹೋಗಿ ಕೂರ್ತಾರೆ ಅಂದ್ರೆ ಅವ್ರನ್ನ ಸುಳ್ಳ ಅಂದಂಗಾಗುತ್ತೆ ಅಂತಾರೆ. ನೋಡು, ಇವ್ರಿಗೂ ಗೊತ್ತು, ಅವ್ರಿಗೂ ಗೊತ್ತು.” ಅವರು ನನ್ನ ಗಲ್ಲ ಮುಟ್ಟಿದರು. “ನಿಮ್ ಚಿಕ್ಕಪ್ಪ ಬಾಯಿಬಿಟ್ಟು ಒಂದು ಮಾತು ಅಂದ್ರೆ ಸಾಕು.”

ಒಂದು ಮಾತು. ನಾನು ಅದನ್ನು ಚಿಕ್ಕಪ್ಪನಿಗೆ ಹೇಳಬೇಕೆಂದು ಬಹಳ ಸಲ ಬಾಗಿಲ ತನಕ ಹೋದೆ. ಅವರು ಪೇಪರು ಓದುತ್ತಿರುತ್ತಿದ್ದರು, ಇಲ್ಲವೇ ಕ್ಷೌರ ಮಾಡಿಕೊಳ್ಳುತ್ತಿರುತ್ತಿದ್ದರು. “ಏನಮ್ಮಾ?” ಎಂದರೆ “ಕಾಫಿ ಬೇಕಾ?” ಎಂದು ಕೇಳಿ ಬಂದುಬಿಡುತ್ತಿದ್ದೆ. ಆ ದಿನಗಳಲ್ಲಿ ಅವರು ಬಹಳ ಕಾಫಿ ಕುಡಿದರು.

ಅವರಿಗೂ ಸಂಕಟವಿತ್ತು. ಭದ್ರಾವತಿಯಿಂದ ಬರುವಾಗ ಅರುಳಮ್ಮನ ಸುದ್ದಿ ತರುತ್ತಿದ್ದರು. ಒಂದು ದಿನ ಹಳೆಯ ಕಾಗದದಲ್ಲಿ ಕತ್ತರಿಸಿದ ಶರಟಿನ ತೋಳನ್ನು ತಂದುಕೊಟ್ಟರು. ಅರುಳಮ್ಮ ಕಳಿಸಿದ್ದು. “ಕಣ್ಣು ಎಲ್ಲಿ, ಕಣ್ಣು ಎಲ್ಲಿ ಅಂತ ಗೇಟಿಗೇ ಬಂದು ಕೇಳ್ತಾರಮ್ಮ,” ಎಂದು ಅವರ ದನಿಯಲ್ಲೇ ಹೇಳಿ ನನ್ನನ್ನು ನಗಿಸಲು ನೋಡಿದರು. ಕಾಗದದ ತೋಳನ್ನು ನಾನು ನನ್ನ ತೋಳಿಗೆ ಹಿಡಿದು ನೋಡಿದೆ. ಕಂಕುಳಿನ ಬಳಿ ಅದು ಹೇಗೆ ಬಳುಕಿ ತಿರುಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಆದರೆ ಎಲ್ಲಿಂದ ಶುರು ಮಾಡಬೇಕು ಎಂಬುದು ಹೊಳೆಯಲಿಲ್ಲ.

ನಾನು ಮನೆಯಲ್ಲೇ ಇರುವ ಸುದ್ದಿ ಆಯನೂರಿಗೆ ಹೇಗೋ ಮುಟ್ಟಿತು. ಸೋಮವಾರ ಸಂತೆಗೆ ಬಂದವನು ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪ ಹೇಳಿ ಕಳಿಸಿದರು. ಚಿಕ್ಕಮ್ಮ ನನ್ನ ಸೀರೆಗಳನ್ನು ಮಡಿಸಿ ಟ್ರಂಕಿನ ಪಕ್ಕ ಇಟ್ಟರು, ಒಳಗೆ ಹಾಕಲಿಲ್ಲ.

ಹಿಂದಿನ ದಿನ, ಭಾನುವಾರ ಸಂಜೆ, ಕೊಟ್ರಬಸಪ್ಪನವರು ಬಂದರು. ಚಿಕ್ಕಪ್ಪನೂ ಅವರೂ ಜಗಲಿಯಲ್ಲಿ ಕೂತಿದ್ದರು. ಎದುರು ಅಂಗಳದಲ್ಲಿ ಕಾರು. ಚಿಕ್ಕಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ನಾನು ಒಳಗೆ ಕಾಫಿ ಸೋಸುತ್ತಿದ್ದೆ.

“ಒಂದು ಪಂಕ್ಚರ್ ಆಗಿದ್ಯಾ ಹೇಳಿ, ಚಂದ್ರಶೇಖರಪ್ಪ? ಮೊನ್ನೆ ಆ ಕೆಸರಲ್ಲೂ ಒಂದಿಷ್ಟು ಜಾರ್ಲಿಲ್ಲ. ನಾನಂತೂ ನಿದ್ದೆ ಮಾಡ್ಬಿಟ್ಟೆ.”

“ನಿಮ್ಮ ಭಾವನಿಗೆ ಋಣಿ ನಾನು.”

“ಎಲ್ಲ ಸರಿಯಾಯ್ತು ಬಿಡಿ. ಕಾರು ಅಂದ್ರೆ ಈಗ ಕಾರು.” ಅವರು ದನಿ ತಗ್ಗಿಸಿದರು. “ಹುಡುಗಿ ನಾಳೆ ಊರಿಗೆ ಹೊರಟ್ಳಂತೆ?”

“ಹೂಂ. ಅಣ್ಣ ಬರ್ತಿದಾನೆ.”

“ಒಳ್ಳೇದೇ. ಎಷ್ಟು ದಿನ ಅಂತ ಆ ಗಾಳೀಲಿ ಕೂತ್ಕೊಂಡು ಹೋಗ್ತಾಳೆ ಪಾಪ. ಅವಳಿಗೂ ಸಾಕಾಗಿತ್ತೇನೋ. ಒಂದು ಮಾತಾಡ್ತಿರ್ಲಿಲ್ಲ.”

ನನ್ನ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಲೋಟಗಳು. ಹೊರಗೆ ಬಂದೆ. ಕೊಟ್ರಬಸಪ್ಪನವರ ಮುಂದೆ ಒಂದು ಇಟ್ಟೆ, ಚಿಕ್ಕಪ್ಪನ ಮುಂದೆ ಒಂದು ಇಟ್ಟೆ. ದಿನಾ ಆಗಿದ್ದರೆ ಅಷ್ಟಕ್ಕೆ ಒಳಗೆ ಬರುತ್ತಿದ್ದೆ. ಖಾಲಿ ತಟ್ಟೆಯನ್ನು ಎದೆಗೆ ಹಿಡಿದು ಅಲ್ಲೇ ನಿಂತೆ. ಕೊಟ್ರಬಸಪ್ಪನವರು ಲೋಟ ಎತ್ತಿ, ನಾನು ಹೋಗಲಿಲ್ಲವೆಂದು ಕಂಡು, ಕೆಳಗಿಟ್ಟರು.

“ಚಿಕ್ಕಪ್ಪ,” ಎಂದೆ. ನನ್ನ ದನಿ ನನಗೇ ಬೇರೆಯವರದು ಅನ್ನಿಸಿತು. “ನಾಳೆ ಅಪ್ಪ ಬರೋದ್ರೊಳಗೆ ಅಸದುಲ್ಲಾ ಸಾಹೇಬ್ರ ಅಂಗಡಿಗೆ ಹೋಗಿ, ಹಿಂದೆ ನಾನು ಕೂರ್ತೀನಿ ಅಂತ ಹೇಳಿ.”

ಚಿಕ್ಕಪ್ಪ ಕಾರಿನ ಕಡೆ ನೋಡಿದರು. ಕೊಟ್ರಬಸಪ್ಪನವರು ಕೋಟಿನ ಗುಂಡಿಯನ್ನು ತಿರುಗಿಸುತ್ತಾ ಚಿಕ್ಕಪ್ಪನ ಕಡೆ ನೋಡಿದರು. ಬಾಗಿಲಲ್ಲಿ ಚಿಕ್ಕಮ್ಮನ ಬಳೆ ಒಂದು ಸಲ ಸದ್ದಾಗಿ ನಿಂತಿತು. ರಸ್ತೆಯಲ್ಲಿ ಒಂದು ಜಟಕಾ ಹೋಯಿತು; ಅದು ದೂರ ಹೋಗುವ ತನಕ ನಾನು ಕಾದೆ.

“ವಿಮಲ ಕೂರ್ತಾಳೆ ಅಂತ, ಅಷ್ಟೇ ಹೇಳಿ ಚಿಕ್ಕಪ್ಪ.”